ಓದು, ದುಡಿಮೆ, ಆರೋಗ್ಯ: ಸಣ್ಣ ಸಂಸ್ಥೆ ಮೂರನ್ನೂ ಇಟ್ಟುಕೊಳ್ಳಬಹುದಾ?

ಸಂಜೆಪಾಠ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮದು ಒಂದು ಸಣ್ಣ ಸೇವಾ ಸಂಸ್ಥೆ. ಸಂಬಳಕ್ಕೆ ಇರುವವರು ಕೆಲವೇ ಜನ, ಉಳಿದವರೆಲ್ಲ ಬಿಡುವು ಮಾಡಿಕೊಂಡು ಬರುವವರು. ಮೂರು ಕೆಲಸ ನಡೆಯುತ್ತಿದೆ. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಸಂಜೆ ಪಾಠ, ಹೆಂಗಸರ ಉಳಿತಾಯ ಗುಂಪು, ಆಗಾಗ ಒಂದು ಆರೋಗ್ಯ ತಪಾಸಣೆ ಶಿಬಿರ.

ಈಗ ದುಡ್ಡು ಕೊಡುವವರು ಹೇಳುತ್ತಿರುವುದು ಒಂದೇ ಮಾತು. ಮೂರೂ ಬೇಡ, ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ, ಆಗ ಫಲ ಕಾಣುತ್ತದೆ ಅಂತ. ಕಮಿಟಿಯಲ್ಲಿ ಅರ್ಧ ಜನಕ್ಕೆ ಇದು ಸರಿ ಅನಿಸಿದೆ. ನನಗೆ ಮನಸ್ಸು ಬರುತ್ತಿಲ್ಲ. ಪಾಠಕ್ಕೆ ಬರುವುದನ್ನು ಬಿಟ್ಟ ಮಗುವಿನ ಮನೆಗೆ ಹೋಗಿ ಕೇಳಿದರೆ ಅಮ್ಮನಿಗೆ ಹುಷಾರಿಲ್ಲ, ಚಿಕ್ಕ ತಮ್ಮನನ್ನು ನೋಡಿಕೊಳ್ಳಬೇಕು, ಇಲ್ಲಾ ಅಪ್ಪನಿಗೆ ಕೆಲಸ ಇಲ್ಲ ಅಂತ ಹುಡುಗನೂ ದುಡಿಯಲು ಹೋಗುತ್ತಿದ್ದಾನೆ ಅನ್ನುತ್ತಾರೆ. ಪಾಠ ಕಷ್ಟ ಅಂತ ಯಾರೂ ಹೇಳುವುದಿಲ್ಲ. ಹೀಗಿರುವಾಗ ಬರೀ ಪಾಠ ಇಟ್ಟುಕೊಂಡು ಏನು ಮಾಡುವುದು? ಆದರೆ ಕಮಿಟಿ ಮುಂದೆ ಇಷ್ಟು ಹೇಳಿದರೆ ಸಾಲದು, ಆಧಾರ ಬೇಕು. ಇಂಥ ಕೆಲಸ ಮಾಡಿದವರು, ಓದಿಕೊಂಡವರು ದಯವಿಟ್ಟು ಹೇಳಿ.

ಹಳೇ ಖಜಾಂಚಿ:

ದಾನಿಗಳ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಎಲ್ಲದಕ್ಕೂ ಕೈ ಹಾಕಿ ಯಾವುದನ್ನೂ ದಡ ಮುಟ್ಟಿಸದ ಸಂಸ್ಥೆಗಳು ಬೇಕಾದಷ್ಟಿವೆ.

ನನ್ನ ಪ್ರಕಾರ ನಿಮ್ಮ ಮೂರರಲ್ಲಿ ಗಟ್ಟಿಯಾದದ್ದು ಉಳಿತಾಯ ಗುಂಪು. ಅದು ಒಮ್ಮೆ ತನ್ನ ಕಾಲ ಮೇಲೆ ನಿಂತರೆ ಹೊರಗಿನ ದುಡ್ಡಿನ ಹಂಗಿಲ್ಲ. ಕೇರ್ ಅನ್ನುವ ಅಂತರರಾಷ್ಟ್ರೀಯ ಸೇವಾ ಸಂಸ್ಥೆ 1991ರಲ್ಲಿ ಆಫ್ರಿಕಾದ ನೈಜರ್ ದೇಶದಲ್ಲಿ ಶುರು ಮಾಡಿದ ಕ್ರಮ ನೋಡಿ. 15ರಿಂದ 25 ಜನರ ಗುಂಪು. ಒಂದು ಪೆಟ್ಟಿಗೆ, ಅದಕ್ಕೆ ಮೂರು ಬೀಗ. ಮೂರು ಕೀಲಿಯೂ ಬೇರೆ ಬೇರೆ ಸದಸ್ಯರ ಹತ್ತಿರ ಇರುತ್ತದೆ, ಸಭೆ ಸೇರಿದಾಗ ಎಲ್ಲರ ಎದುರಿಗೇ ತೆಗೆಯಬೇಕು. ಒಬ್ಬೊಬ್ಬರೂ ಒಂದು ಸಲಕ್ಕೆ ಒಂದರಿಂದ ಐದು ಪಾಲು ಕೊಳ್ಳಬಹುದು. ಒಂದು ಪಾಲಿಗೆ ಪಾಸ್‌ಬುಕ್ಕಿನಲ್ಲಿ ಒಂದು ಮುದ್ರೆ. ಓದು ಬರಹ ಬಾರದವರೂ ಮುದ್ರೆ ಎಣಿಸಿ ತಮ್ಮ ದುಡ್ಡು ಎಷ್ಟಿದೆ ಅಂತ ಹೇಳಬಲ್ಲರು. ಅದೇ ದುಡ್ಡಿನಲ್ಲಿ ಒಬ್ಬರಿಗೊಬ್ಬರು ಸಾಲ. ವರ್ಷದ ಕೊನೆಗೆ ಬಡ್ಡಿ ಸಮೇತ ಹಂಚಿಕೊಂಡು ಮತ್ತೆ ಹೊಸದಾಗಿ ಶುರು.

ಒಂದು ಎಚ್ಚರಿಕೆ. ಹೊರಗಿನಿಂದ ಸಾಲ ಕೊಡಿಸುವ ಕೆಲಸಕ್ಕೆ ಮಾತ್ರ ಇಳಿಯಬೇಡಿ. ಕಿರುಸಾಲದ ಬಗ್ಗೆ ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೊ, ಮಂಗೋಲಿಯಾ, ಮೊರಾಕೊ ಹೀಗೆ ಆರು ಕಡೆ ನಡೆದ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಬಂದವು. ಸ್ವಲ್ಪ ಅನುಕೂಲ ಆಗಿದೆ, ಆದರೆ ಬಡತನ ನೀಗುವಷ್ಟು ಆದಾಯ ಎಲ್ಲೂ ಹೆಚ್ಚಿಲ್ಲ ಅಂತ ಗೊತ್ತಾಯಿತು. ಹಾಗಾಗಿ ನನ್ನ ಮಾತು ಇಷ್ಟೇ. ಗುಂಪು ಇಟ್ಟುಕೊಳ್ಳಿ, ಉಳಿದ ಎರಡನ್ನು ಬೇರೆಯವರಿಗೆ ಬಿಡಿ.

ಮನೆಭೇಟಿ:

ಖಜಾಂಚಿಯವರೇ, ಪೆಟ್ಟಿಗೆ ಬಗ್ಗೆ ನೀವು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ, ಕೊನೆಯ ಮಾತೊಂದನ್ನು ಬಿಟ್ಟು. ಆ ಪೆಟ್ಟಿಗೆಯಲ್ಲೇ ಇನ್ನೊಂದು ಸಣ್ಣ ನಿಧಿ ಇರುತ್ತದಲ್ವಾ, ಕಾಯಿಲೆ, ಸಾವು ಅಂತ ಬಂದಾಗ ಕೊಡುವುದಕ್ಕೆ? ಅದನ್ನು ಉಳಿತಾಯದ ಜೊತೆ ಬೆರೆಸದೆ ಬೇರೆಯೇ ಇಡುತ್ತಾರೆ. ಮನೆಯಲ್ಲಿ ಒಬ್ಬರು ಮಲಗಿದರೆ ವರ್ಷದ ಉಳಿತಾಯವೆಲ್ಲ ಕರಗುತ್ತದೆ ಅಂತ ಗುಂಪಿನ ಹೆಂಗಸರಿಗೆ ಚೆನ್ನಾಗಿ ಗೊತ್ತು. ದುಡಿಮೆ ಬೇರೆ, ಆರೋಗ್ಯ ಬೇರೆ ಅನ್ನುವುದು ನಮ್ಮ ವರದಿಗಳಲ್ಲಿ ಮಾತ್ರ.

ಸಂಜೆಪಾಠದವರು ಆಧಾರ ಕೇಳಿದ್ದಾರೆ. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ತೀರಾ ಬಡವರಿಗಾಗಿಯೇ ಒಂದು ಕಾರ್ಯಕ್ರಮ ಶುರು ಮಾಡಿತು. ಮನೆಗೆ ಒಂದು ದುಡಿಮೆಯ ಆಸರೆ, ಅಂದರೆ ಹಸುವೋ ಮೇಕೆಯೋ ಸಣ್ಣ ವ್ಯಾಪಾರದ ಸಾಮಾನೋ. ಅದರ ಜೊತೆಗೆ ತರಬೇತಿ, ಮೊದಲ ತಿಂಗಳುಗಳ ಖರ್ಚಿಗೆ ಸ್ವಲ್ಪ ಹಣ, ಉಳಿತಾಯದ ಅಭ್ಯಾಸ, ಆರೋಗ್ಯದ ತಿಳುವಳಿಕೆ. ಮತ್ತೆ ಒಬ್ಬ ಕಾರ್ಯಕರ್ತೆ ವಾರ ವಾರ ಮನೆಗೇ ಬಂದು ಮಾತಾಡಿಸುವುದು. ಇದೇ ಮಾದರಿಯನ್ನು ಆರು ದೇಶಗಳಲ್ಲಿ ಸುಮಾರು 10,500 ಮನೆಗಳಲ್ಲಿ ಪರೀಕ್ಷಿಸಿದರು, ಫಲಿತಾಂಶ ಬಂದಿದ್ದು 2015ರಲ್ಲಿ. ಎಲ್ಲ ನೆರವು ಮುಗಿದು ಒಂದು ವರ್ಷ ಆದ ಮೇಲೂ ಆ ಮನೆಗಳ ಸ್ಥಿತಿ ಮೊದಲಿಗಿಂತ ಚೆನ್ನಾಗಿಯೇ ಇತ್ತು. ಆದರೆ ಹೊಂಡುರಾಸ್‌ನಲ್ಲಿ ಕೊಟ್ಟ ಕೋಳಿಗಳಲ್ಲಿ ಬಹುಪಾಲು ರೋಗ ಬಂದು ಸತ್ತವು, ಅಲ್ಲಿ ಹಾಕಿದ ಖರ್ಚೂ ಹುಟ್ಟಲಿಲ್ಲ. ಇದನ್ನೂ ಕಮಿಟಿಗೆ ಹೇಳಿ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಇರುವುದು ಘಾನಾದಲ್ಲಿ. ಅಲ್ಲಿ ಕೆಲವು ಮನೆಗಳಿಗೆ ಪೂರ್ತಿ ಕಾರ್ಯಕ್ರಮ, ಕೆಲವಕ್ಕೆ ಬರೀ ಮೇಕೆ, ಕೆಲವಕ್ಕೆ ಬರೀ ಉಳಿತಾಯ ಖಾತೆ ಕೊಟ್ಟು ನೋಡಿದರು. ಬಿಡಿಬಿಡಿಯಾಗಿ ಕೊಟ್ಟದ್ದು ನಿಲ್ಲಲಿಲ್ಲ. ಪೂರ್ತಿ ಸಿಕ್ಕ ಮನೆಗಳು ಮಾತ್ರ ಮೇಲೆ ಬಂದವು.

ಹಾಗಾದರೆ ಇಷ್ಟೇ ಜನ, ಇಷ್ಟೇ ದುಡ್ಡು ಇಟ್ಟುಕೊಂಡು ಹೇಗೆ? ಮನೆಗಳನ್ನು ಕಡಿಮೆ ಮಾಡಿ. ಮೂರೂ ಕೆಲಸ ಇರಲಿ, ಆದರೆ ಅದೇ ಮನೆಗಳಲ್ಲಿ ಇರಲಿ. ಈಗ ಪಾಠ ಒಂದು ಕಡೆ, ಗುಂಪು ಇನ್ನೊಂದು ಕಡೆ, ಶಿಬಿರ ಮತ್ತೆಲ್ಲೋ ನಡೆಯುತ್ತಿದ್ದರೆ ನಿಮ್ಮದು ಮೂರು ಸಣ್ಣ ಸಂಸ್ಥೆ ಇದ್ದ ಹಾಗೆ. ಪಾಠಕ್ಕೆ ಬರುವ ಮಗುವಿನ ಅಮ್ಮ ಗುಂಪಿನಲ್ಲಿ ಇದ್ದಾರಾ, ಅದೇ ಮನೆಯ ಅಜ್ಜಿಗೆ ಬಿಪಿ ಇದೆ ಅಂತ ನಿಮಗೆ ಗೊತ್ತಿದೆಯಾ, ಇಲ್ಲಿಂದ ಶುರು ಮಾಡಿ. ಕೆಲವು ಮನೆಗಳನ್ನು ಸದ್ಯಕ್ಕೆ ಬಿಡಬೇಕಾಗುತ್ತದೆ. ಅದು ಸಂಕಟದ ಕೆಲಸ, ಮನೆಮನೆಗೆ ಹೋಗಿ ಮುಖ ಕೊಟ್ಟು ಹೇಳಬೇಕು. ಆದರೂ ಎಲ್ಲರಿಗೂ ಒಂದು ಚೂರು ಕೊಡುವುದಕ್ಕಿಂತ ಇದು ಮೇಲು ಅಂತ ನಾನು ನಂಬುತ್ತೇನೆ.

ಅಕ್ಷರಮಟ್ಟ:

ಪಾಠದ ವಿಷಯ ಮಾತ್ರ ಹೇಳುತ್ತೇನೆ, ಉಳಿದದ್ದು ಮೇಲಿನವರು ಹೇಳಿದ್ದಾರೆ.

ಮಕ್ಕಳನ್ನು ತರಗತಿ ಪ್ರಕಾರ ಕೂರಿಸಬೇಡಿ. ಮಕ್ಕಳ ಓದಿಗಾಗಿ ಕೆಲಸ ಮಾಡುವ ಪ್ರಥಮ್ ಸಂಸ್ಥೆಯವರ ಪದ್ಧತಿ ತುಂಬಾ ಸರಳ. ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಬಿಡಿ ಅಕ್ಷರ, ಪದ, ಸಣ್ಣ ಪ್ಯಾರಾ, ಪುಟ್ಟ ಕಥೆ ಇರುತ್ತದೆ. ಎಲ್ಲಿಯವರೆಗೆ ಓದುತ್ತದೋ ಅದೇ ಆ ಮಗುವಿನ ಮಟ್ಟ. ಐದನೇ ತರಗತಿ ಹುಡುಗ ಪದದ ಹತ್ತಿರ ನಿಂತರೆ ಪದದ ಗುಂಪಿಗೇ ಹೋಗಬೇಕು, ನಾಚಿಕೆ ಪಡುವಂಥದ್ದೇನೂ ಇಲ್ಲ ಅಂತ ಅವನಿಗೆ ಮೊದಲೇ ಹೇಳಿ. ಇದೇ ಹಾಳೆಯನ್ನು ಹಿಡಿದು 2005ರಿಂದ ಭಾರತದ ಹಳ್ಳಿಗಳಲ್ಲಿ ಮಕ್ಕಳ ಓದಿನ ಮಟ್ಟ ಅಳೆಯುವ ಅಸರ್ ಸಮೀಕ್ಷೆ ಮಾಡುತ್ತಿದ್ದಾರೆ.

ಇನ್ನೊಂದು, ಪೋಷಕರ ಸಭೆ ಕರೆದು ಭಾಷಣ ಮಾಡುವುದರ ಮೇಲೆ ಜಾಸ್ತಿ ಭರವಸೆ ಇಡಬೇಡಿ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಬರೀ ಸಭೆ, ಮಾಹಿತಿ ಅಂತ ನಿಂತ ಕಡೆ ಶಾಲೆಯಲ್ಲೂ ಬದಲಾವಣೆ ಇಲ್ಲ, ಮಕ್ಕಳ ಓದಿನಲ್ಲೂ ಇಲ್ಲ. ಊರಿನದೇ ಹುಡುಗರಿಗೆ ಸ್ವಲ್ಪ ತರಬೇತಿ ಕೊಟ್ಟು ಓದಿನ ಶಿಬಿರ ನಡೆಸಿದ ಕಡೆ, ಬಂದ ಮಕ್ಕಳು ಓದು ಕಲಿತರು. ಆದರೆ ಶಿಬಿರಕ್ಕೆ ಬಂದವರು ಕಡಿಮೆ. ಬಾರದ ಮಕ್ಕಳನ್ನು ಕರೆತರುವುದು ಹೇಗೆ ಅನ್ನುವ ಹೊತ್ತಿಗೆ ಮತ್ತೆ ಮನೆಯ ಕಷ್ಟಕ್ಕೇ ಬಂದು ನಿಲ್ಲುತ್ತೀರಿ. ಅಂದ ಹಾಗೆ ಕೀನ್ಯಾದ ಬುಸಿಯಾದಲ್ಲಿ 75 ಶಾಲೆಗಳ ಅಧ್ಯಯನ ನಡೆದಿತ್ತು. ಹೊಟ್ಟೆಹುಳುವಿನ ಮಾತ್ರೆ ಕೊಟ್ಟ ಶಾಲೆಗಳಲ್ಲಿ ಗೈರುಹಾಜರಿ ಕಾಲು ಭಾಗ ಇಳಿಯಿತು. ಹಾಜರಿ ಹೆಚ್ಚಿಸಿದ್ದು ಮಾತ್ರೆ, ಅದನ್ನು ಓದಿನ ಲೆಕ್ಕಕ್ಕೆ ಹಾಕುತ್ತೀರೋ ಆರೋಗ್ಯದ ಲೆಕ್ಕಕ್ಕೋ?

ಸಂಜೆಪಾಠ:

ತುಂಬಾ ಉಪಕಾರ ಆಯಿತು. ಮನೆ ಕಡಿಮೆ ಮಾಡಿ ಅನ್ನುವ ಮಾತು ಮನಸ್ಸಿಗೆ ಹಿಡಿಸಿತು, ಕಷ್ಟ ಅನಿಸಿದರೂ. ನಮ್ಮಲ್ಲಿ ತೀರಾ ಸಡಿಲ ಇರುವುದು ಆರೋಗ್ಯದ ಕೆಲಸ. ಡಾಕ್ಟರು ಬಿಡುವಾದಾಗ ಬರುತ್ತಾರೆ, ಶಿಬಿರ ಮಾಡುತ್ತೇವೆ, ಜನ ಸೇರುತ್ತಾರೆ, ಆಮೇಲೆ ಏನಾಯಿತು ಅಂತ ನಮಗೂ ಗೊತ್ತಾಗುವುದಿಲ್ಲ. ಡಾಕ್ಟರು ಇಲ್ಲದೆ ನಮ್ಮಂಥವರು ಏನು ಮಾಡಬಹುದು?

ಊರ ನರ್ಸ್:

ನಿಮ್ಮ ಪ್ರಶ್ನೆಯಲ್ಲೇ ಶಿಬಿರದ ತೊಂದರೆ ಇದೆ. ಬಿಪಿ ಇರುವವರಿಗೆ ದಿನಾ ಮಾತ್ರೆ ಬೇಕು, ಮತ್ತೆ ಮತ್ತೆ ಅಳತೆ ನೋಡಬೇಕು. ಒಂದು ದಿನ ಅಳೆದು ಚೀಟಿ ಬರೆದುಕೊಟ್ಟರೆ ಆ ಚೀಟಿ ಮನೆಯ ಮೂಲೆ ಸೇರುತ್ತದೆ. ಆಮೇಲೆ ವಿಚಾರಿಸಲು ಆಗುವುದಿಲ್ಲ ಅನ್ನುವುದಾದರೆ ತಪಾಸಣೆಯನ್ನೇ ಮಾಡಬೇಡಿ ಅಂತ ನಾನು ಖಡಕ್ಕಾಗಿ ಹೇಳುತ್ತೇನೆ.

ಊರಿನವರೇ ಕಲಿತು ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾಕ್ಟರ್ ಅಭಯ್ ಬಂಗ್, ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ಹಸುಗೂಸಿನ ಆರೈಕೆ ಕಲಿಸಿದರು. ಮೂರನೇ ವರ್ಷದ ಹೊತ್ತಿಗೆ ಆ 39 ಹಳ್ಳಿಗಳಲ್ಲಿ ನವಜಾತ ಶಿಶುಗಳ ಸಾವು ಶೇ. 62ರಷ್ಟು ಇಳಿದಿತ್ತು. 1999ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕ ಇದು.

ಮಗುವಿಗೆ ಕೆಮ್ಮು ಬಂದಾಗ ಉಸಿರು ಎಣಿಸುವುದನ್ನು ಗುಂಪಿನ ಒಬ್ಬೊಬ್ಬ ಹೆಂಗಸಿಗೂ ಕಲಿಸಿ. ಮಗು ಅಳದೆ ಸುಮ್ನೆ ಇರುವಾಗ ಅಂಗಿ ಮೇಲೆತ್ತಿ ಹೊಟ್ಟೆ ಏರಿಳಿಯುವುದನ್ನು ಒಂದು ನಿಮಿಷ ಪೂರ್ತಿ ಎಣಿಸಬೇಕು. ಎರಡು ತಿಂಗಳೊಳಗಿನ ಮಗುವಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷಕ್ಕೆ 40. ಅಷ್ಟಾಯಿತು ಅಥವಾ ದಾಟಿತು ಅಂದರೆ ಕಾಯಬಾರದು, ನ್ಯುಮೋನಿಯಾ ಇರಬಹುದು, ಆಸ್ಪತ್ರೆಗೆ ಹೊರಡಬೇಕು. ಲೆಕ್ಕ ಬಾರದ ಸೂಲಗಿತ್ತಿಯರಿಗೆ ಗಡಚಿರೋಲಿಯಲ್ಲಿ ಮರಳು ಗಡಿಯಾರ ಮತ್ತು ಮಣಿಗಳ ಸಾಧನ ಮಾಡಿಕೊಟ್ಟಿದ್ದರು. ಹತ್ತು ಉಸಿರಿಗೆ ಒಂದು ಮಣಿ ಸರಿಸಿದರೆ ಆಯಿತು. ಎಣಿಕೆ ಕಮ್ಮಿ ಇದ್ದರೂ ಮಗು ಹಾಲು ಕುಡಿಯುತ್ತಿಲ್ಲ, ಉಸಿರಾಡುವಾಗ ಎದೆಯ ಕೆಳಭಾಗ ಒಳಕ್ಕೆ ಎಳೆಯುತ್ತಿದೆ ಅಂದರೆ ಕೂಡಲೇ ಹೊರಡಬೇಕು.

ಭೇದಿಗೆ ಓಆರ್‌ಎಸ್, ಮಕ್ಕಳಿಗೆ ಅದರ ಜೊತೆ ಸತುವಿನ ಮಾತ್ರೆ 10ರಿಂದ 14 ದಿನ. ಭೇದಿ ನಿಂತಿತು ಅಂತ ತುಂಬಾ ಜನ ಮಾತ್ರೆಯನ್ನು ನಡುವೆಯೇ ಬಿಡುತ್ತಾರೆ, ಅದನ್ನು ಹೋಗಿ ವಿಚಾರಿಸುವವರು ಬೇಕು. ಅದು ನೀವೇ.

ಮತ್ತೆ ಕನ್ನಡಕ. ನಲವತ್ತು ದಾಟಿದವರಿಗೆ ಹತ್ತಿರದ್ದು ಮಸುಕಾಗುತ್ತದೆ, ಹೊಲಿಗೆ, ಕಾಳು ಆರಿಸುವುದು, ಎಲೆ ಕೀಳುವುದು ಎಲ್ಲ ನಿಧಾನ ಆಗುತ್ತದೆ. ಅಸ್ಸಾಮಿನ ಚಹಾ ತೋಟದಲ್ಲಿ ಕನ್ನಡಕ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ಬಂತು. ಕನ್ನಡಕ ಸಿಗದವರಿಗಿಂತ ಸಿಕ್ಕವರ ಕೆಲಸ ಶೇ. 20ಕ್ಕೂ ಜಾಸ್ತಿ ಏರಿತ್ತು. ಬಾಂಗ್ಲಾದೇಶದ ಅಧ್ಯಯನ 2024ರದ್ದು, ಅಲ್ಲಿ ಆದಾಯವೇ ಶೇ. 33 ಹೆಚ್ಚು. ನಿಮ್ಮ ಗುಂಪಿನ ಹೆಂಗಸರಿಗೆ ಇದನ್ನು ಮೊದಲು ಮಾಡಿಸಿ.

ಹಳೇ ಖಜಾಂಚಿ:

ಕನ್ನಡಕದ ವಿಷಯ ಓದಿದ ಮೇಲೆ ನನ್ನ ಮಾತು ಸ್ವಲ್ಪ ಸಡಿಲಿಸುತ್ತೇನೆ. ಮನೆ ಕಡಿಮೆ ಮಾಡುವುದಾದರೆ ಮೂರೂ ಇರಲಿ. ಆದರೆ ದಾನಿಗಳಿಗೆ ತೋರಿಸಲು ಏನಿಟ್ಟುಕೊಳ್ಳುತ್ತೀರಿ?

ಮನೆಭೇಟಿ:

ಮನೆಗೊಂದು ಪುಟ ಇರುವ ಒಂದು ಪುಸ್ತಕ ಸಾಕು. ಮಗು ಯಾವ ಮಟ್ಟದಿಂದ ಯಾವ ಮಟ್ಟಕ್ಕೆ ಬಂತು, ಅಮ್ಮ ಎಷ್ಟು ಪಾಲು ಕೊಂಡರು, ಯಾರಿಗೆ ಏನು ಕಾಯಿಲೆ ಆಗಿ ಏನು ಮಾಡಿದಿರಿ. ಒಂದು ನಿಯಮ ಮಾತ್ರ ಬಿಗಿಯಾಗಿರಲಿ. ಕಲಿಸಿದವರೇ ಪರೀಕ್ಷೆ ಮಾಡಬಾರದು. 1980ರ ದಶಕದಲ್ಲಿ ಬ್ರ್ಯಾಕ್‌ನವರು ಭೇದಿಗೆ ಉಪ್ಪು ಬೆಲ್ಲದ ನೀರು ಮಾಡುವುದನ್ನು ಸುಮಾರು 1.2 ಕೋಟಿ ಮನೆಗಳಿಗೆ ಹೋಗಿ ಕಲಿಸಿದರು. ಆಮೇಲೆ ಬೇರೆಯವರು ಹೋಗಿ ಆ ತಾಯಂದಿರಿಗೆ ಎಷ್ಟು ನೆನಪಿದೆ ಅಂತ ಕೇಳುತ್ತಿದ್ದರು, ಕಲಿಸಿದವರ ಸಂಬಳ ಅದರ ಮೇಲೆ ನಿಂತಿತ್ತು. ನೀವು ಸಂಬಳಕ್ಕೆ ಕೈ ಹಾಕಬೇಡಿ, ಬಿಡುವಿನಲ್ಲಿ ಬರುವವರು ಓಡಿಹೋಗುತ್ತಾರೆ. ಪಾಠದವರು ಗುಂಪಿನ ಪುಟ ನೋಡಲಿ, ಗುಂಪಿನವರು ಮಕ್ಕಳ ಓದು ಕೇಳಲಿ. ಮತ್ತೆ ಆ ಲೆಕ್ಕ ದಾನಿಗಳಿಗೆ ಹೋಗುವ ಮೊದಲು ಗುಂಪಿನ ಸಭೆಯಲ್ಲಿ ಓದಿ ಹೇಳಿ. ಕಾಯಿಲೆಯ ಸಾಲು ಮಾತ್ರ ಬೇಡ, ಅದು ಆ ಮನೆಯ ಸ್ವಂತ ವಿಷಯ. ಉಳಿದದ್ದರಲ್ಲಿ ತಪ್ಪಿದ್ದರೆ ಅಲ್ಲೇ ಯಾರಾದರೂ ಎದ್ದು ನಿಂತು ಹೇಳುತ್ತಾರೆ.