ಸಹಾಯ ಬೇಕು: ಬಯಲಿನಲ್ಲಿ ಕ್ಯಾಮೆರಾ ಮತ್ತು ಮೊಬೈಲ್ ಆ್ಯಪ್ ಸಂಪರ್ಕ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯವನು. ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಮಿಂಚುಳ್ಳಿ ಫೋಟೊ ತೆಗೆಯುತ್ತೇನೆ. ಹಕ್ಕಿ ಕೂರುವ ಕೊಂಬೆಯ ಹತ್ತಿರ ಕ್ಯಾಮೆರಾ ಇಟ್ಟು, ದೂರದ ಜಾಲಿ ಗಿಡದ ಮರೆಯಿಂದ ಮೊಬೈಲಿನಲ್ಲೇ ಕ್ಲಿಕ್ ಮಾಡುತ್ತೇನೆ. ಹತ್ತಿರ ಹೋದರೆ ಹಕ್ಕಿಗೆ ಸುಮ್ನೆ ತೊಂದರೆ, ಅಲ್ವಾ? ಗೂಡಿನ ಕಡೆಗಂತೂ ಕ್ಯಾಮೆರಾ ಇಡುವುದೇ ಇಲ್ಲ.

ಕ್ಯಾಮೆರಾದ ವೈಫೈಗೆ ಫೋನ್ ಸೇರಿಸಿದ ಕೂಡಲೇ ಲೈವ್ ವ್ಯೂ (ಕ್ಯಾಮೆರಾ ಕಾಣುವ ದೃಶ್ಯ ಫೋನಿನಲ್ಲಿ) ಚೆನ್ನಾಗಿ ಬರುತ್ತದೆ. ಸ್ವಲ್ಪ ಹೊತ್ತಿಗೆ ಚಿತ್ರ ನಿಂತುಬಿಡುತ್ತದೆ, ಆಮೇಲೆ ಸಂಪರ್ಕವೇ ಹೋಗುತ್ತದೆ. ಆ ವೈಫೈನಲ್ಲಿ ಇಂಟರ್ನೆಟ್ ಇರುವುದಿಲ್ಲ. ಹಾಗಾಗಿ ಆಂಡ್ರಾಯ್ಡ್ ಫೋನ್ ತಾನಾಗಿಯೇ ಮೊಬೈಲ್ ಡೇಟಾಕ್ಕೆ ಬದಲಾಗಬಹುದು ಎಂದು ಡೇಟಾ ಆಫ್ ಮಾಡಿದ್ದೇನೆ. ಆ್ಯಪ್‌ಗೆ ಲೊಕೇಶನ್ ಅನುಮತಿ ಕೊಟ್ಟಿದ್ದೇನೆ. ಫೋನಿನ ಬ್ಯಾಟರಿ ಸೇವರ್, ಕ್ಯಾಮೆರಾದ ಆಟೋ ಪವರ್ ಆಫ್ ಎರಡನ್ನೂ ತೆಗೆದಿದ್ದೇನೆ. ಮನೆಯೊಳಗೆ ಇದೇ ಜೋಡಿ ಗಂಟೆಗಟ್ಟಲೆ ನಡೆಯುತ್ತದೆ. ಕ್ಯಾಮೆರಾ ನೆಲಕ್ಕೆ ಹತ್ತಿರ ಇರುವುದು, ನಡುವೆ ಹಸಿ ಗಿಡ ಅಡ್ಡ ಬರುವುದೇ ಕಾರಣ ಅನ್ನಿಸುತ್ತಿದೆ.

ಬ್ಲೂಟೂತ್‌ನಲ್ಲಿ ಶಟರ್ ಮಾತ್ರ ಒತ್ತಬಹುದು, ಚಿತ್ರ ಕಾಣುವುದಿಲ್ಲ. ಫೋಕಸ್ ನೋಡದೆ ಮಿಂಚುಳ್ಳಿ ತೆಗೆಯುವುದು ಬಹಳ ಕಷ್ಟ.

ಒಟಿಜಿ (ಫೋನಿನ ಯುಎಸ್‌ಬಿಗೆ ಬೇರೆ ಸಾಧನ ಜೋಡಿಸುವ ವ್ಯವಸ್ಥೆ) ಮೂಲಕ ಕೇಬಲ್‌ನಲ್ಲಿ ಕ್ಯಾಮೆರಾಕ್ಕೆ ಫೋನ್ ಜೋಡಿಸಿದವರು ಇದ್ದೀರಾ? ಯುಎಸ್‌ಬಿ 2.0 ಸಾದಾ ಕೇಬಲ್‌ಗೆ 5 ಮೀಟರ್ ಮಿತಿ. ನನಗೆ ಅದಕ್ಕಿಂತ ಜಾಸ್ತಿ ಬೇಕು. ರಿಪೀಟರ್ (ಸಿಗ್ನಲ್ ಬಲಪಡಿಸಿ ಮುಂದೆ ಕಳಿಸುವ ಭಾಗ) ಇರುವ ಕೇಬಲ್ ಫೋನಿನ ಕರೆಂಟಿನಲ್ಲೇ ನಡೆಯುತ್ತದೆಯೇ? ಇಲ್ಲವೇ ಪವರ್ ಬ್ಯಾಂಕಿನಲ್ಲಿ ಓಡುವ ಸಣ್ಣ ರೂಟರ್ ನಡುವೆ ಇಡುವುದು ಒಳ್ಳೆಯದೇ? ಬಳಸಿ ನೋಡಿದವರು ದಯವಿಟ್ಟು ಹೇಳಿ. ವಿಜಯಪುರ, ಬೆಳಗಾವಿ ಕಡೆಯವರಾದರೆ ನಾನೇ ಬಂದು ನೋಡುತ್ತೇನೆ. ಮಳೆಗಾಲದಲ್ಲಿ ಹಿನ್ನೀರು ಏರಿದರೆ ಆ ಕೊಂಬೆ ಮುಳುಗುತ್ತದೆ, ಅದಕ್ಕೇ ಅವಸರ.