ಅಪ್‌ಡೇಟ್: ಕ್ರಿಸಲಿಡ್ ಕಾಟ ತಪ್ಪಿತು

ಏಲಿಯನ್‌ಗಳ ವಿರುದ್ಧ ಸೈನಿಕರ ತಂಡ ನಡೆಸೋ ಎಕ್ಸ್‌ಕಾಮ್: ಎನಿಮಿ ಅನ್‌ನೋನ್ (2012) ವಿಡಿಯೋ ಆಟದ ಟೆರರ್ ಮಿಷನ್‌ನಲ್ಲಿ (ಏಲಿಯನ್‌ಗಳು ಊರಿನ ಜನರ ಮೇಲೆ ಬೀಳೋ ಹಂತ) ಕ್ರಿಸಲಿಡ್ ಅನ್ನೋ ಏಲಿಯನ್‌ಗಳು ಇಡೀ ತಂಡವನ್ನೇ ಮುಗಿಸ್ತಿವೆ, ಏನು ಮಾಡ್ಲಿ ಅಂತ ಕೇಳಿದ್ದೆನಲ್ಲ? ದಾಟಿದೆ ಮಾರಾಯ್ರೆ!

ಸ್ನೈಪರ್‌ಗೆ ಸ್ಕ್ವಾಡ್‌ಸೈಟ್ ಅನ್ನೋ ಕೌಶಲ ಕೊಡಿ ಅಂದಿದ್ರಿ, ಅದೇ ಕೈ ಹಿಡೀತು. ಜೊತೆಯವರ ಕಣ್ಣಿಗೆ ಬಿದ್ದ ಶತ್ರುವಿಗೆ ಅವನು ದೂರದಿಂದಲೇ ಗುಂಡು ಹೊಡೀತಾನೆ. ನನ್ನ ಸೈನಿಕರಿಗೆಲ್ಲ ಯಕ್ಷಗಾನದ ಹೆಸರು. ಸ್ನೈಪರ್ ಅರ್ಜುನನನ್ನು ಮಾಳಿಗೆ ಮೇಲೆ ಕೂರಿಸಿ, ಉಳಿದವರನ್ನು ಸ್ವಲ್ಪ ಸ್ವಲ್ಪವೇ ಮುಂದೆ ತಂದು ಓವರ್‌ವಾಚ್‌ನಲ್ಲಿ (ಶತ್ರು ಕದಲಿದರೆ ತಾವೇ ಗುಂಡು ಹೊಡೆಯೋ ಹಾಗೆ) ನಿಲ್ಲಿಸಿದೆ. ಕ್ರಿಸಲಿಡ್‌ಗೆ ಬಂದೂಕಿಲ್ಲ, ಮೈಮೇಲೆ ಬಂದೇ ಕೊಲ್ಲಬೇಕು. ಹಾಗಾಗಿ ಗೋಡೆ ಮರೆಗಿಂತ ದೂರವೇ ಮುಖ್ಯ. ಅದು ಕೊಂದ ಜನ ಜಾಂಬಿಯಾಗಿ ಏಳ್ತಾರೆ, ಆ ಜಾಂಬಿಯನ್ನು ಹಾಗೇ ಬಿಟ್ಟರೆ ಅದರೊಳಗಿಂದ ಇನ್ನೊಂದು ಕ್ರಿಸಲಿಡ್! ಮೊದಲು ಜಾಂಬಿಯನ್ನೇ ಹೊಡೆದೆ.

ಅಭಿಮನ್ಯು ಮಾತ್ರ ಸುತ್ತುವರಿದು ಸತ್ತ. ಹೆಸರಿಟ್ಟಾಗಲೇ ತಮ್ಮ ನಕ್ಕಿದ್ದ.

ನಡುವೆ ಕರೆಂಟು ಹೋಯ್ತು, ಶಿರಸಿ ಮಳೆಗಾಲ ಗೊತ್ತಲ್ಲ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಮುಗಿಸಿದೆ.

ದೇಶಗಳ ಮೇಲೆ ಸ್ಯಾಟಲೈಟ್ ಹಾರಿಸಿ ಅಂದ ಸಲಹೆಯೂ ಸರಿ: ಹಾರಿಸಿದ ದೇಶದಲ್ಲಿ ಪ್ಯಾನಿಕ್ (ಜನರ ಭಯ) ಇಳೀತು. ಭಯ ಹೆಚ್ಚಾಗಿ, ನಮ್ಮನ್ನು ಬೆಂಬಲಿಸೋ 16ರಲ್ಲಿ 8 ದೇಶ ಕೈಬಿಟ್ಟರೆ ಆಟವೇ ಮುಗೀತಲ್ಲ.

ಮುಂದಿನದು ಏಲಿಯನ್ ಬೇಸ್, ಅಂದ್ರೆ ಅವುಗಳ ನೆಲೆ ಮೇಲೆ ದಾಳಿ. ಇರೋ ದುಡ್ಡಲ್ಲಿ ಮೊದಲು ಲೇಸರ್ ಬಂದೂಕೋ, ಕ್ಯಾರಪೇಸ್ ಕವಚವೋ?