ಹೊಳೆಗೆ ಬಣ್ಣ ಹಾಕಿದವರು

ಮಾರ್ಚ್ ಚಳಿಗೆ ಮೂಗು ಇನ್ನೂ ಇದೆಯೇ ಎಂದು ಆಗಾಗ ಮುಟ್ಟಿ ನೋಡಿಕೊಳ್ಳುತ್ತಾ ನಾವು ಮೂವರು ಷಿಕಾಗೋ ನದಿಯ ಸೇತುವೆಯ ಮೇಲೆ ನಿಂತಿದ್ದೆವು. ಕೆಳಗೆ ಕೊಳಾಯಿ ಕೆಲಸಗಾರರ ಸಂಘದವರು ದೋಣಿಯಿಂದ ಕಿತ್ತಳೆ ಬಣ್ಣದ ಪುಡಿ ಸುರಿಯುತ್ತಿದ್ದರು. ನೀರಿಗೆ ಬಿದ್ದದ್ದೇ ತಡ, ಅದು ಪಚ್ಚೆ ಹಸಿರು. ಐರಿಷರ ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ 1962ರಿಂದ ನಡೆದು ಬಂದ ಪದ್ಧತಿ.

“ನಮ್ಮೂರಿನ ಕೆರೆ ಹೀಗಾದರೆ ಪಾಚಿ ಎನ್ನುತ್ತೇವೆ. ಇಲ್ಲಿ ದುಡ್ಡು ಕೊಟ್ಟು ಮಾಡಿಸುತ್ತಾರೆ” ಎಂದ ಶ್ರೀಕಂಠ.

“ಎಲ್ಲಾ ಆಲೂಗಡ್ಡೆಯ ಮಹಿಮೆ” ಎಂದಳು ವಸುಧಾ. ಅವಳಿಗೆ ಇತಿಹಾಸದ ಹುಚ್ಚು. 1845ರಿಂದ ಐರ್ಲೆಂಡಿನ ಆಲೂಗಡ್ಡೆ ನೆಲದಲ್ಲೇ ಕೊಳೆಯತೊಡಗಿತು. ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಅಮೆರಿಕಕ್ಕೆ ಬಂದವರಿಗೆ ಸಿಕ್ಕಿದ್ದು ಗುದ್ದಲಿ ಮತ್ತು ಬೈಗುಳ. “ಬಾಸ್ಟನ್ನಿಗೆ ಬಂದು ಪೀಪಾಯಿ ಮಾಡುತ್ತಿದ್ದ ಒಬ್ಬನ ಮರಿಮಗನೇ 1960ರಲ್ಲಿ ಅಧ್ಯಕ್ಷನಾಗಿ ಗೆದ್ದ ಕೆನಡಿ.”

ಶ್ರೀಕಂಠ ಜರ್ಮನ್ ಕಂಪನಿಯ ನೌಕರ. ಉಪ್ಪಿನ ಋಣ ಸುಮ್ಮನಿರಲು ಬಿಡಲಿಲ್ಲ. “ಐರಿಷರದು ಬರೀ ಡಂಗುರ. ಜರ್ಮನ್ನರು ಸದ್ದಿಲ್ಲದೆ ಮನೆಯೊಳಗೆ ಬಂದು ಕೂತರು. ನಿನ್ನ ಕೈಯಲ್ಲಿರುವುದೇನು?” ಎಂದು ನನ್ನ ಕಡೆ ತಿರುಗಿದ.

ಹಾಟ್ ಡಾಗ್ ಇತ್ತು. ಅದರ ಸಾಸಿವೆ ಆಗಲೇ ಕೈಚೀಲಕ್ಕೆ ಇಳಿದಿತ್ತು.

“ಫ್ರಾಂಕ್‌ಫರ್ಟ್ ಸಾಸೇಜಿನ ಸಂತತಿ! ತೊಟ್ಟಿರುವ ಜೀನ್ಸ್? ಬವೇರಿಯಾದಿಂದ ಬಂದ ಲೆವಿ ಸ್ಟ್ರಾಸ್‌ನದು. ನಿನ್ನ ಮಗಳ ಕಿಂಡರ್‌ಗಾರ್ಟನ್? 1856ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಮಾರ್ಗರೆಟ್ ಶುರ್ಜ್ ತೆರೆದಾಗ ಪಾಠವೆಲ್ಲ ಜರ್ಮನ್ ಭಾಷೆಯಲ್ಲೇ.”

“ಹಾಗಿದ್ದರೆ ಅವರ ಹೆಸರಿನಲ್ಲಿ ಯಾಕೆ ಯಾರೂ ಹೊಳೆಗೆ ಬಣ್ಣ ಹಾಕುವುದಿಲ್ಲ?”

“1917ರಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧಕ್ಕೆ ಹೊರಟಾಗ ಜರ್ಮನ್ ಎಂದು ಹೇಳಿಕೊಳ್ಳುವುದೇ ಕಷ್ಟವಾಯಿತು” ಎಂದಳು ವಸುಧಾ. “ಅವರ ಹುಳಿ ಎಲೆಕೋಸಿಗೆ ಸ್ವಾತಂತ್ರ್ಯದ ಎಲೆಕೋಸು ಎಂದು ಹೊಸ ನಾಮಕರಣ. ಡ್ಯಾಕ್ಸ್‌ಹುಂಡ್ ನಾಯಿ ಸ್ವಾತಂತ್ರ್ಯದ ನಾಯಿಯಾಯಿತು.”

“ನಾಯಿಗೆ ತಿಳಿಸಿದ್ದರೇ?”

ಅವಳು ಕೇಳಿಸಿಕೊಳ್ಳಲಿಲ್ಲ. ಆಚೆಗಿನ ಕ್ಲಾರ್ಕ್ ಬೀದಿಯ ಸೇತುವೆಯತ್ತ ಕೈ ತೋರಿಸಿದಳು. 1855ರಲ್ಲಿ ಲೆವಿ ಬೂನ್ ಎಂಬ ಮೇಯರ್, ವಲಸಿಗರನ್ನು ಕಂಡರೆ ಉರಿದು ಬೀಳುವವನು, ಹೆಂಡದಂಗಡಿಯ ಲೈಸೆನ್ಸ್ ಶುಲ್ಕವನ್ನು 50 ಡಾಲರಿನಿಂದ 300ಕ್ಕೆ ಏರಿಸಿದ. ಭಾನುವಾರ ಅಂಗಡಿಗೆ ಬೀಗ. ವಾರವಿಡೀ ದುಡಿದವನಿಗೆ ಇದ್ದ ರಜೆ ಅದೊಂದೇ. ರೊಚ್ಚಿಗೆದ್ದ ಜರ್ಮನ್ನರು ನದಿಯ ಉತ್ತರದಿಂದ ಮೆರವಣಿಗೆ ಹೊರಟರು. ಆಗ ಅಲ್ಲಿದ್ದದ್ದು ಪಕ್ಕಕ್ಕೆ ತಿರುಗಿಸುವ ಸೇತುವೆ. ಮೆರವಣಿಗೆ ದಾಟದಂತೆ ಮೇಯರ್ ಅದನ್ನೇ ತಿರುಗಿಸಿಬಿಟ್ಟ!

“ಬಿಯರಿಗಾಗಿ ಕ್ರಾಂತಿ!” ಶ್ರೀಕಂಠನ ಕಣ್ಣು ತುಂಬಿಬಂತು. ಚಳಿಗೋ ಭಕ್ತಿಗೋ ತಿಳಿಯಲಿಲ್ಲ.

“ಗುಂಡು ಹಾರಿ ಸತ್ತದ್ದೂ ಉಂಟು” ಎಂದು ವಸುಧಾ ಗದರಿದಳು. “ಮರುವರ್ಷದ ಚುನಾವಣೆಯಲ್ಲಿ ಜರ್ಮನ್ನರೂ ಐರಿಷರೂ ಒಟ್ಟಾಗಿ ಬಂದು ವೋಟು ಹಾಕಿದರು. ಬೂನನ ಪಕ್ಷ ಮಣ್ಣುಮುಕ್ಕಿತು.”

ಇಷ್ಟು ಕೇಳಿದ ಮೇಲೆ ಶ್ರದ್ಧಾಂಜಲಿ ಸಲ್ಲಿಸದಿದ್ದರೆ ಹೇಗೆ? ಹತ್ತಿರದ ಅಂಗಡಿಗೆ ನುಗ್ಗಿದೆವು. ಹಬ್ಬದ ವಿಶೇಷ, ಹಸಿರು ಬಿಯರ್. ಶ್ರೀಕಂಠ ಲೋಟವನ್ನು ಬೆಳಕಿಗೆ ಹಿಡಿದ. “ಲಾಗರ್ ಬಿಯರ್ ಜರ್ಮನ್ನರದು, ಬಣ್ಣ ಐರಿಷರದು. ರಾಜಿಯಾಯಿತಲ್ಲ!”

ಎರಡನೆಯ ಲೋಟ ಮುಗಿಸಿ ನಾಲಿಗೆ ಚಾಚಿ ತೋರಿಸಿದ.

“ನಿಮ್ಮೂರಿನಲ್ಲಿ ಇದಕ್ಕೆ ಪಾಚಿ ಎನ್ನುತ್ತೀರಿ, ಅಲ್ಲವೇ?” ಎಂದಳು ವಸುಧಾ.